ಹುಲಿಗೆಮ್ಮ ಕೊಂಡ ಬೆಟ್ಟದ ಸೈಕಲ್ಲು

ನಾನು ಒಂದು ಸೈಕಲ್ಲು. ಹಾಗೆಂದ ಕೂಡಲೇ ನಿಮ್ಮ ಕಣ್ಣಮುಂದೆ ಬರುವಂಥದ್ದಲ್ಲ. ನನಗೆ ಕ್ಯಾರಿಯರ್ ಇಲ್ಲ, ಮಡ್‌ಗಾರ್ಡ್ ಇಲ್ಲ, ಟ್ರಿಣ್ ಅನ್ನಲು ಒಂದು ಬೆಲ್ಲೂ ಇಲ್ಲ. ಟೈರುಗಳು ಸಣ್ಣ ಬೈಕಿನಷ್ಟು ದಪ್ಪ. ಮುಂದಿನ ಫೋರ್ಕು ಉದ್ದನೆಯ ಎರಡು ಕಾಲುಗಳ ಹಾಗೆ ಚಾಚಿಕೊಂಡಿದ್ದು, ಕಲ್ಲು ಸಿಕ್ಕರೆ ಮಡಚಿ ಮತ್ತೆ ನೆಟ್ಟಗಾಗುತ್ತದೆ. ನನ್ನನ್ನು ಮಾಡಿದ್ದು ಬೆಟ್ಟದ ಕಡಿದಾದ ಕಾಲುದಾರಿಗಳಲ್ಲಿ ಇಳಿಯುವುದಕ್ಕೆ. ಏರುವುದು ನನಗೆ ಬಾರದು. ಮೇಲೆ ಹೋಗಬೇಕಾದರೆ ಯಾರಾದರೂ ತಳ್ಳಬೇಕು, ಇಲ್ಲವೇ ಗಾಡಿಯ ಮೇಲೆ ಹೇರಬೇಕು.

ನಾನು ಹುಟ್ಟಿದ್ದು ಕಡಲಾಚೆಯ ಒಂದು ಕಾರ್ಖಾನೆಯಲ್ಲಿ. ನನ್ನ ಮೈ ಕಬ್ಬಿಣದ್ದಲ್ಲ. ಕೂದಲಿಗಿಂತ ಸಪೂರವಾದ ಕಪ್ಪು ಎಳೆಗಳಿಂದ ನೇಯ್ದ, ಅಂಟು ಸವರಿದ ಬಟ್ಟೆಯದು. ಅದಕ್ಕೆ ಕಾರ್ಬನ್ ಎನ್ನುತ್ತಾರೆ. ಕೈಗವಸು ಹಾಕಿಕೊಂಡ ಒಬ್ಬ ಹೆಂಗಸು ಆ ಬಟ್ಟೆಯನ್ನು ತುಂಡು ತುಂಡಾಗಿ ಕತ್ತರಿಸಿ, ಪದರದ ಮೇಲೆ ಪದರ ಹಾಸಿ, ನಡುವೆ ಗಾಳಿ ಉಳಿಯದಂತೆ ಹೆಬ್ಬೆರಳಿನಿಂದ ಒತ್ತುತ್ತಿದ್ದಳು. ಅಂಗಿಗೆ ಇಸ್ತ್ರಿ ಮಾಡುವವರ ಮುಖದಲ್ಲಿರುವಂಥ ಶಾಂತಿ ಅವಳ ಮುಖದಲ್ಲಿತ್ತು. ಆಮೇಲೆ ನನ್ನನ್ನು ಅಚ್ಚಿನಲ್ಲಿಟ್ಟು ಬೇಯಿಸಿದರು. ಹೊರಗೆ ಬಂದಾಗ ನಾನು ಕಲ್ಲಿನಷ್ಟು ಗಟ್ಟಿ, ಬಿದಿರಿನಷ್ಟು ಹಗುರ.

ಒಂದು ಕೊರತೆ ಮಾತ್ರ ಹುಟ್ಟಿನಿಂದಲೇ ಬಂತು. ಕಬ್ಬಿಣಕ್ಕೆ ಪೆಟ್ಟು ಬಿದ್ದರೆ ಅದು ಡೊಂಕಾಗಿ ಎಲ್ಲರಿಗೂ ತೋರಿಸುತ್ತದೆ. ನನಗೆ ಹಾಗೆ ತೋರಿಸಲು ಬರುವುದಿಲ್ಲ. ಹೊರಗಿನ ಬಣ್ಣ ನುಣ್ಣಗೆ ಹೊಳೆಯುತ್ತಿರುವಾಗಲೇ ಒಳಗಿನ ಪದರ ಬಿಟ್ಟುಕೊಂಡಿರಬಹುದು.

ನನ್ನ ಮೊದಲ ಒಡೆಯ ಮುತ್ತಣ್ಣ. ಮಡಿಕೇರಿಯ ಒಂದು ಕಾಲೇಜಿನಲ್ಲಿ ಭೂಗೋಳದ ಮೇಷ್ಟ್ರು. ವಾರವಿಡೀ ತರಗತಿಯಲ್ಲಿ ಪರ್ವತಗಳ ನಕ್ಷೆ ಬರೆಯುತ್ತಿದ್ದ; ಭಾನುವಾರ ನನ್ನ ಮೇಲೆ ಕೂತು ಬೆಟ್ಟ ಇಳಿಯುತ್ತಿದ್ದ. ಅವನ ಹೆಂಡತಿ ದೇಚಮ್ಮ ಜೀಪಿನಲ್ಲಿ ನಮ್ಮಿಬ್ಬರನ್ನೂ ಮೇಲಕ್ಕೆ ಬಿಟ್ಟು, ಕೆಳಗಿನ ರಸ್ತೆಗೆ ಬಂದು ಕಾಯುತ್ತಿದ್ದಳು. ಅವನು ಮುಖದ ತುಂಬ ಕೆಸರು ಮಾಡಿಕೊಂಡು ಇಳಿದು ಬಂದರೆ ತನ್ನ ಸೆರಗಿನಿಂದಲೇ ಒರೆಸುತ್ತಿದ್ದಳು. ಅವರಿಬ್ಬರ ಭಾನುವಾರಗಳಲ್ಲಿ ನಾನೂ ಒಬ್ಬ ಎಂದು ನನಗೆ ಅನ್ನಿಸುತ್ತಿತ್ತು.

ಹಾಗಿರುವಾಗ ಒಂದು ತಿರುವಿನಲ್ಲಿ ಮುತ್ತಣ್ಣ ಹಲಸಿನ ಮರಕ್ಕೆ ಹೊಡೆದುಕೊಂಡ. ನಾನು ಪೊದೆಯಲ್ಲಿ ಬಿದ್ದೆ, ಅವನು ಕಲ್ಲಿನ ಮೇಲೆ. ಹೆಗಲಿನ ಎಲುಬು ಮುರಿಯಿತು. ಪಕ್ಕೆಲುಬುಗಳಿಗೂ ಪೆಟ್ಟಾಯಿತು. ನನಗೆ ಹ್ಯಾಂಡಲ್ಲಿನ ತುದಿ ತರಚಿದ್ದು ಬಿಟ್ಟರೆ ಏನೂ ಆಗಲಿಲ್ಲ.

ಎಲುಬು ಕೂಡಿಕೊಂಡಿತು. ಮುತ್ತಣ್ಣ ಮತ್ತೆ ನನ್ನನ್ನು ಬೆಟ್ಟಕ್ಕೆ ಕರೆದೊಯ್ದ. ದೇಚಮ್ಮನ ಜೀಪು ಮರೆಯಾಗುವವರೆಗೆ ಹೆಲ್ಮೆಟ್ಟಿನ ಪಟ್ಟಿ ಬಿಗಿಯುತ್ತ ನಿಂತ. ಸೀಟಿನ ಮೇಲೆ ಕೂತ. ಅವನ ಕೈಗಳ ನಡುಕ ಹ್ಯಾಂಡಲ್ಲಿನಿಂದ ನನ್ನ ಮೈಯೆಲ್ಲ ಹರಿಯಿತು. ಇಳಿದುಬಿಟ್ಟ. ನನ್ನನ್ನು ಹಿಡಿದುಕೊಂಡು ದಾರಿಯುದ್ದಕ್ಕೂ ನಡೆದ. ಕೊನೆಯ ತಿರುವಿನಲ್ಲಿ ಮಾತ್ರ ನನ್ನನ್ನು ಹತ್ತಿ, ಇಡೀ ಬೆಟ್ಟ ಸವಾರಿ ಮಾಡಿ ಬಂದವನ ಹಾಗೆ ರಸ್ತೆಗೆ ಇಳಿದ.

ಮುಂದಿನ ವಾರವೂ ಹಾಗೆಯೇ ಮಾಡಿದ. ಅದರ ಮುಂದಿನ ವಾರವೂ. ದೇಚಮ್ಮ ಅವನು ತಿರುವು ದಾಟಿ ಬರುವವರೆಗೂ ಫೋನು ನೋಡುತ್ತ ಕೂತಿರುತ್ತಿದ್ದಳು. ಅವಳಿಗೆ ಗೊತ್ತಿತ್ತು. ಗೊತ್ತಿದ್ದೂ ತಲೆ ಎತ್ತುತ್ತಿರಲಿಲ್ಲ. ಕಡೆಗೊಂದು ದಿನ ಅವನ ಕೈಯಿಂದ ಹೆಲ್ಮೆಟ್ಟು ತೆಗೆದುಕೊಂಡು ಹೇಳಿದಳು:

"ಇನ್ನು ನಡ್ಕೊಂಡೇ ಬನ್ನಿ. ನನ್ನ ಮುಂದೆ ಯಾಕೆ ನಾಟಕ?"

ಮುತ್ತಣ್ಣ ಜೀಪಿನ ಬಾನೆಟ್ಟಿಗೆ ಒರಗಿ ನಿಂತ. "ಆಗ್ತಾ ಇಲ್ಲ ದೇಚು. ಸೀಟ್ ಮೇಲೆ ಕೂತ ಕೂಡ್ಲೆ ಆ ಮರ ಕಣ್ಣಿಗೆ ಬರುತ್ತೆ."

"ಆಗದಿದ್ರೆ ಬಿಡಿ. ಯಾರು ಕೇಳಿದ್ರು ನಿಮ್ಮನ್ನ?"

ಮನೆಗೆ ಹೋದ ಮೇಲೆ ಅವನು ನನ್ನನ್ನು ತೊಳೆದು, ಎಲ್ಲ ಕಡೆಯಿಂದಲೂ ಫೋಟೊ ತೆಗೆದ. ನನ್ನನ್ನು ಮಾರುತ್ತಾನೆಂದು ಆಗ ತಿಳಿಯಿತು. ಕೋಪ ಬರಲಿಲ್ಲ. ಫೋಟೊ ತೆಗೆಯುವಾಗಲೂ ಅವನು ನನ್ನ ಮೈಮೇಲಿನ ನೀರಿನ ಹನಿಗಳನ್ನು ಬೆರಳಿನಿಂದ ಒರೆಸುತ್ತಿದ್ದ.

ಕೊಳ್ಳಲು ಬಂದವರು ಸಂಡೂರಿನವರು, ಅಪ್ಪ ಮತ್ತು ಮಗಳು. ಅಪ್ಪ ಗಾದಿಲಿಂಗಪ್ಪ ಅಲ್ಲಿ ಡ್ರೈವಿಂಗ್ ಸ್ಕೂಲ್ ಇಟ್ಟುಕೊಂಡಿದ್ದವನು. ಮಗಳು ಹುಲಿಗೆಮ್ಮ ಅದೇ ಸ್ಕೂಲಿನಲ್ಲಿ ಹೆಂಗಸರಿಗೆ ಸ್ಕೂಟರ್ ಕಲಿಸುತ್ತಿದ್ದಳು. ಇಪ್ಪತ್ತನಾಲ್ಕು ಇಪ್ಪತ್ತೈದರ ಹುಡುಗಿ. ಮೊಣಕೈಯಲ್ಲಿ ಹಳೆಯ ಗಾಯದ ಕಲೆಗಳು. ಊರಿನ ಬೆಟ್ಟದಲ್ಲಿ ಸಾದಾ ಗೇರ್ ಸೈಕಲ್ಲು ಓಡಿಸಿ ಓಡಿಸಿ ಅದರ ಫೋರ್ಕು ಮುರಿದಿದ್ದಳಂತೆ. ಕಲಿಯುವವರ ಗಾಡಿ ಎಂದು ಕೆಂಪು ಅಕ್ಷರದ ಬೋರ್ಡು ಹೊತ್ತ ಕಾರಿನಲ್ಲೇ ಅಷ್ಟು ದೂರದಿಂದ ಬಂದಿದ್ದರು. ಘಟ್ಟದ ದಾರಿಯಲ್ಲಿ ಎಲ್ಲರೂ ತಮಗೆ ಜಾಗ ಬಿಟ್ಟುಕೊಟ್ಟರೆಂದು ಗಾದಿಲಿಂಗಪ್ಪ ಹೇಳಿದಾಗ ದೇಚಮ್ಮನಿಗೆ ನಗು ತಡೆಯಲಾಗಲಿಲ್ಲ.

ಹುಲಿಗೆಮ್ಮ ನನ್ನ ಮುಂದೆ ಕುಕ್ಕರುಗಾಲಿನಲ್ಲಿ ಕೂತು, ಜೇಬಿನಿಂದ ಒಂದು ನಾಣ್ಯ ತೆಗೆದು ನನ್ನ ಮೈಯುದ್ದಕ್ಕೂ ಮೆಲ್ಲಗೆ ಬಡಿಯುತ್ತ ಹೋದಳು. ಟಕ್, ಟಕ್, ಟಕ್. ಕಾರ್ಬನ್ ಗಟ್ಟಿಯಾಗಿದ್ದರೆ ಸದ್ದು ಚೊಕ್ಕವಾಗಿ ಬರುತ್ತದೆ. ಒಳಗೆ ಬಿರುಕಿದ್ದರೆ ಒಡಕು ಮಡಕೆಯ ಹಾಗೆ ಮಂದ ಸದ್ದು. ಅವಳು ಕಿವಿಯನ್ನು ನನಗೆ ತಾಗಿಸಿ ಕೇಳಿದಳು. ಅಷ್ಟು ಹತ್ತಿರದಿಂದ ನನ್ನನ್ನು ಯಾರೂ ಕೇಳಿರಲಿಲ್ಲ.

ಮುತ್ತಣ್ಣ ಏನನ್ನೂ ಮುಚ್ಚಿಡಲಿಲ್ಲ. ಇಲ್ಲಿ ಗೀಚಿದ್ದು ಯಾವಾಗ, ಈ ಬೇರಿಂಗು ಬದಲಿಸಿದ್ದು ಯಾಕೆ ಎಲ್ಲ ಹೇಳಿದ. ಬಿದ್ದ ಕತೆಯನ್ನೂ ಹೇಳಿದ. ಅದನ್ನು ಕೇಳಿದ್ದೇ ಗಾದಿಲಿಂಗಪ್ಪನ ಕೈಯಲ್ಲಿದ್ದ ಕಾಫಿ ಲೋಟ ನಿಂತಿತು.

"ಸರ, ನಿಮ್ಮನ್ನ ಬೀಳಿಸಿದ ಸೈಕಲ್ಲು ನನ್ನ ಮಗಳನ್ನ ಬೀಳಿಸಂಗಿಲ್ಲ ಅಂತ ಏನು ಗ್ಯಾರಂಟಿ?"

"ಸೈಕಲ್ ಬೀಳಿಸ್ಲಿಲ್ಲ ಸರ್," ಎಂದ ಮುತ್ತಣ್ಣ. "ದಾರಿ ನೋಡೋದು ಬಿಟ್ಟು ಮರ ನೋಡಿದೆ. ಎಲ್ಲಿ ನೋಡ್ತೀವೋ ಅಲ್ಲಿಗೇ ಹೋಗ್ತೀವಿ."

"ಕಾರು ಕಲಿಯಾಕ ಬಂದವ್ರಿಗೆ ನಾನೂ ಇದನ್ನೇ ಬಡ್ಕೊಂತೀನ್ರಿ," ಎಂದು ಗಾದಿಲಿಂಗಪ್ಪ ಕಾಫಿ ಮುಗಿಸಿದ.

ವ್ಯಾಪಾರ ಕುದುರಿತು. ನನ್ನ ಚಕ್ರಗಳನ್ನು ಕಳಚಿ ಕಾರಿನ ಹಿಂದಿನ ಸೀಟಿನ ಮೇಲೆ ಮಲಗಿಸಿದರು. ಮುತ್ತಣ್ಣ ತನ್ನ ಮೊಣಕಾಲಿನ ಕವಚಗಳನ್ನೂ ತಂದು ಹುಲಿಗೆಮ್ಮನ ಕೈಗೆ ಕೊಟ್ಟ. "ಆಗಾಗ ಫೋನ್ ಮಾಡಮ್ಮ, ಹೇಗಿದೆ ಅಂತ," ಎಂದ. ಕಾರು ಹೊರಟಾಗ ಅವನು ಗೇಟಿನ ಬಳಿ ನಿಲ್ಲದೆ ಒಳಗೆ ಹೋದ. ದೇಚಮ್ಮ ಒಬ್ಬಳೇ ಕೈ ಬೀಸಿದಳು.

ಸಂಡೂರಿನ ಮಣ್ಣು ಕೆಂಪು. ಮೊದಲ ವಾರದಲ್ಲೇ ನನ್ನ ಚೈನು, ಟೈರು, ಕಡ್ಡಿ ಎಲ್ಲವೂ ಕುಂಕುಮದ ಬಣ್ಣಕ್ಕೆ ತಿರುಗಿದವು. ಇಲ್ಲಿ ಕೆಸರು ಕಡಿಮೆ, ಜಾರುವ ಸಣ್ಣ ಕಲ್ಲುಗಳು ಹೆಚ್ಚು. ನಾನು ಹೊಸದಾಗಿ ನಡೆಯಲು ಕಲಿತವನಂತೆ ಎಡವಿದೆ. ಹುಲಿಗೆಮ್ಮನೂ ಬಿದ್ದಳು. ಬಿದ್ದು ಎದ್ದವಳು ಮೊದಲು ನನ್ನ ಮೈ ಸವರಿ ನೋಡಿ, ಆಮೇಲೆ ತನ್ನ ಮೊಣಕೈ ನೋಡಿಕೊಳ್ಳುತ್ತಿದ್ದಳು.

ನನ್ನನ್ನು ಬೆಟ್ಟಕ್ಕೆ ಏರಿಸುವ ಕೆಲಸ ಡ್ರೈವಿಂಗ್ ಸ್ಕೂಲಿನದೇ ಆಯಿತು. ಏರಿನಲ್ಲಿ ಕಾರು ನಿಲ್ಲಿಸಿ ಮತ್ತೆ ಮುಂದಕ್ಕೆ ತೆಗೆಯುವ ಪಾಠ ಹೇಗೂ ಹೇಳಿಕೊಡಬೇಕಲ್ಲ ಎಂದು ಗಾದಿಲಿಂಗಪ್ಪ ಕಲಿಯುವವರನ್ನೇ ಕೂಡಿಸಿಕೊಂಡು ಬೆಟ್ಟದ ರಸ್ತೆ ಹಿಡಿಯುತ್ತಿದ್ದ. ಹೆಚ್ಚಾಗಿ ಬರುತ್ತಿದ್ದವಳು ಟೈಲರ್ ಶಮೀಮ್‌ಬಾನು. ಕಾರಿನ ಹಿಂದೆ ಕಟ್ಟಿಹಾಕಿದ ನನ್ನನ್ನು ಅವಳು ಕನ್ನಡಿಯಲ್ಲಿ ನೋಡುತ್ತ, "ಲಿಂಗಪ್ಪಣ್ಣ, ನಿಮ್ ಸೈಕಲ್ಲಿಗಿಂತ ನನಗೇ ಹೆಚ್ಚು ನಡುಕ ಐತಿ ನೋಡ್ರಿ," ಎನ್ನುತ್ತಿದ್ದಳು. ಒಂದೊಂದು ತಿರುವಿನಲ್ಲೂ ಕಾರು ಹಿಂದಕ್ಕೆ ಸರಿದು ನನ್ನ ಎದೆ ಝಲ್ಲೆನ್ನುತ್ತಿತ್ತು. ನನ್ನ ಮೈ ಕಾರಿಗೆ ಉಜ್ಜಬಾರದೆಂದು ಹಳೆಯ ದುಪ್ಪಟಿಯಲ್ಲಿ ಹತ್ತಿ ತುಂಬಿ ಒಂದು ದಿಂಬು ಹೊಲಿದು ತಂದವಳೂ ಅವಳೇ.

ತಾಯಿ ಇಲ್ಲದ ಮನೆ ಅದು. ಹುಲಿಗೆಮ್ಮ ಚಿಕ್ಕವಳಿದ್ದಾಗಲೇ ತಾಯಿ ಹೋಗಿದ್ದಳು. ಗಾದಿಲಿಂಗಪ್ಪ ಮಗಳಿಗೆ ಯಾವುದಕ್ಕೂ ಬೇಡ ಎಂದವನಲ್ಲ. ಬೇಡ ಎನ್ನಲು ಬಾರದೇ ಒಳಗೊಳಗೇ ಬೇಯುತ್ತಿದ್ದವನು. ನಾವು ಇಳಿದು ಬರುವಷ್ಟರಲ್ಲಿ ಅವನು ಕಾರಿನಿಂದಿಳಿದು ಕಾಲುದಾರಿಯ ಬಾಯಲ್ಲಿ ನಿಂತಿರುತ್ತಿದ್ದ. ಮಗಳ ಹೆಲ್ಮೆಟ್ಟು ಕಂಡ ಕೂಡಲೇ ಮುಖ ತಿರುಗಿಸಿ, ಶಮೀಮ್‌ಬಾನುವಿಗೆ ಏನೋ ಪಾಠ ಹೇಳುತ್ತಿದ್ದವನಂತೆ ಮಾತು ಶುರು ಮಾಡುತ್ತಿದ್ದ.

ಮರುವರ್ಷ ಅದೇ ಬೆಟ್ಟದಲ್ಲಿ ಇಳಿಯುವ ರೇಸು ನಿಗದಿಯಾಯಿತು. ಬೇರೆ ಬೇರೆ ಊರುಗಳಿಂದ ಸವಾರರು ಬರುವರೆಂದು ಸುದ್ದಿ. ಹುಲಿಗೆಮ್ಮ ಬೆಳಗಾಗುವ ಮೊದಲೇ ಎದ್ದು ಅಭ್ಯಾಸಕ್ಕೆ ಹೊರಡತೊಡಗಿದಳು. ನಾವಿಬ್ಬರೂ ಆಗ ಒಂದೇ ಮೈ ಆಗಿದ್ದೆವು. ಅವಳು ಭುಜ ಬಾಗಿಸುವುದರೊಳಗೆ ನಾನು ತಿರುಗಿರುತ್ತಿದ್ದೆ.

ಅಂಥ ಒಂದು ಬೆಳಿಗ್ಗೆ ಮುಂದಿನ ಚಕ್ರ ಎತ್ತಿ ಎಸೆದ ಕಲ್ಲೊಂದು ನನ್ನ ಹೊಟ್ಟೆಯ ಕೆಳಗೆ, ಪೆಡಲು ತಿರುಗುವ ಜಾಗದ ಹತ್ತಿರ ಬಡಿಯಿತು. ಅವಳಿಗೆ ತಿಳಿಯಲಿಲ್ಲ. ಆ ದಾರಿಯಲ್ಲಿ ಕಲ್ಲು ಹಾರುವುದು ಹೊಸದೇನಲ್ಲ. ಬಣ್ಣ ಒಂದು ಚೂರು ಎದ್ದಿತ್ತು, ಅದರ ಮೇಲೆ ಕೆಂಪು ಧೂಳು ಕೂತಿತು. ಆದರೆ ಒಳಗೆ ಪದರವೊಂದು ಬಿಟ್ಟುಕೊಂಡದ್ದು ನನಗೆ ತಿಳಿಯಿತು. ಆಮೇಲೆ ಪ್ರತಿ ನೆಗೆತಕ್ಕೂ ಆ ಬಿರುಕು ಒಂದಿಷ್ಟು ಉದ್ದವಾಗುತ್ತ ಹೋಯಿತು. ನಾನು ಕಿರಕ್ ಎಂದೆ. ನನಗೆ ಬರುವ ಮಾತು ಅದೊಂದೇ. ಹುಲಿಗೆಮ್ಮ ಪೆಡಲು ಬಿಚ್ಚಿ ಗ್ರೀಸು ಹಚ್ಚಿದಳು, ಬೋಲ್ಟುಗಳನ್ನು ಬಿಗಿದಳು. ಕೆಲವು ದಿನ ಸದ್ದು ನಿಂತಿತು. ಗ್ರೀಸು ಹಚ್ಚಿ ನನ್ನ ಬಾಯಿ ಮುಚ್ಚಿಸಿದಂತಾಗಿತ್ತು. ನಾನು ಮುರಿದರೆ ಅವಳು ನನ್ನ ಮೇಲೆಯೇ ಇರುತ್ತಾಳಲ್ಲ ಎನ್ನುವುದೊಂದೇ ನನ್ನ ಚಿಂತೆ.

ರೇಸಿನ ದಿನ ಮುತ್ತಣ್ಣ, ದೇಚಮ್ಮ ಇಬ್ಬರೂ ಬಂದರು. ಹುಲಿಗೆಮ್ಮ ಫೋನಿನಲ್ಲಿ ಒತ್ತಾಯ ಮಾಡಿ ಕರೆಸಿದ್ದಳು. ಅವಳು ಅಭ್ಯಾಸದ ಕೊನೆಯ ಓಟ ಮುಗಿಸಿ ಬಂದಾಗ ಹೆಂಗಸರಲ್ಲಿ ಅವಳಿಗಿಂತ ಬೇಗ ಇಳಿದವರು ಯಾರೂ ಇರಲಿಲ್ಲ. ಶಮೀಮ್‌ಬಾನು ಶಿಳ್ಳೆ ಹಾಕಿದಳು. ಮುತ್ತಣ್ಣ ದೂರದಲ್ಲೇ ನಿಂತಿದ್ದವನು ನಿಧಾನವಾಗಿ ಹತ್ತಿರ ಬಂದ.

"ಒಂದು ಸಲ ಮುಟ್ಟಿ ನೋಡ್ಲಾ?"

"ನಿಮ್ದೇ ಅಲ್ಲೇನಣ್ಣಾ, ಕೇಳೋದೇನೈತಿ?" ಎಂದಳು ಹುಲಿಗೆಮ್ಮ.

ಅವನು ನನ್ನ ಸೀಟನ್ನೂ ಹ್ಯಾಂಡಲ್ಲನ್ನೂ ಹಿಡಿದು ಭಾರ ಹಾಕಿ ಅದುಮಿದ. ನಾನು ಕಿರಕ್ ಎಂದೆ. ಅವನ ಕೈ ನಿಂತಿತು. ಮತ್ತೊಮ್ಮೆ ಅದುಮಿದ. ಮತ್ತೆ ಅಂದೆ. ವರ್ಷಗಟ್ಟಲೆ ನನ್ನ ಜೊತೆ ಇದ್ದವನು. ನನ್ನಲ್ಲಿ ಆ ಸದ್ದು ಎಂದೂ ಕೇಳಿರಲಿಲ್ಲ. ನೆಲಕ್ಕೆ ಕೂತು, ಧೂಳು ಒರೆಸಿ, ನಾಣ್ಯ ತೆಗೆದು ಬಡಿದ. ಎದ್ದು ನಿಂತಾಗ ಅವನ ಮುಖ ಬಿಳಿಚಿತ್ತು.

"ಹುಲಿಗೆಮ್ಮ, ಇದರ ಮೇಲೆ ಇಳೀಬೇಡಮ್ಮ."

ಅವಳಿಗೆ ಮೊದಲು ಅರ್ಥವಾಗಲಿಲ್ಲ. ಅರ್ಥವಾದಾಗ ಸಿಟ್ಟು ಬಂತು. ಮೇಲೆ ಆಗಲೇ ಹೆಸರು ಕೂಗುತ್ತಿದ್ದರು.

"ಅಣ್ಣ, ನಿಮಗ ಭಯ. ನಿಮ್ಮ ಭಯ ತಂದು ನನಗ ಅಂಟಿಸಬ್ಯಾಡ್ರಿ!"

ಆ ಮಾತು ಎಲ್ಲಿ ನಾಟಿತೆಂದು ನನಗೆ ಗೊತ್ತು. ದೇಚಮ್ಮ ಒಂದು ಹೆಜ್ಜೆ ಮುಂದೆ ಬಂದಳು. ಮುತ್ತಣ್ಣ ಕೈ ಅಡ್ಡ ಮಾಡಿ ಅವಳನ್ನು ತಡೆದ.

"ಹೌದಮ್ಮ, ನನಗೆ ಭಯ ಇದೆ. ಅದು ಬೇರೆ, ಇದು ಬೇರೆ. ನನ್ನ ಮಾತು ನಂಬಬೇಡ. ನೀನೇ ಕೇಳು," ಎಂದು ನಾಣ್ಯವನ್ನು ಅವಳತ್ತ ಚಾಚಿದ.

ಹುಲಿಗೆಮ್ಮ ಅಪ್ಪನ ಮುಖ ನೋಡಿದಳು. ಅವನು ಬೇಡ ಎನ್ನುತ್ತಾನೆಂದು ಕಾದಿದ್ದಳೋ ಏನೋ. ಆದರೆ ಗಾದಿಲಿಂಗಪ್ಪನಿಂದ ಬಂದ ಮಾತು ಬೇರೆ.

"ಯವ್ವಾ, ನೀ ಕೇಳಿ ಹೇಳು. ನೀ ಏನ್ ಹೇಳ್ತೀಯೋ ಅದು."

ಅವಳು ಮಂಡಿಯೂರಿದಳು. ಟಕ್. ಟಕ್. ಟಕ್. ಆಮೇಲೆ ಮಂದ ಸದ್ದು. ಅವಳು ಮತ್ತೆ ಅಲ್ಲೇ ಬಡಿದಳು. ಮತ್ತೆ ಅದೇ. ಕಿವಿ ತಾಗಿಸಿದವಳು ಹಾಗೆಯೇ ಬಹಳ ಹೊತ್ತು ನನಗೆ ಕೆನ್ನೆ ಆನಿಸಿಕೊಂಡು ಉಳಿದಳು. ಅವಳ ಕಣ್ಣೀರು ಧೂಳಿನಲ್ಲಿ ಗೆರೆ ಎಳೆದುಕೊಂಡು ನನ್ನ ಹೊಟ್ಟೆಯ ಕೆಳಗೆ ಇಳಿಯಿತು. ಆಮೇಲೆ ಎದ್ದು, ಹ್ಯಾಂಡಲ್ಲಿಗೆ ಕಟ್ಟಿದ್ದ ನಂಬರಿನ ಫಲಕವನ್ನು ತಾನೇ ಬಿಚ್ಚಿದಳು.

ಆ ಹೊತ್ತಿನಲ್ಲಿ ಇನ್ನೊಂದು ಸೈಕಲ್ಲು ಸಿಗಲಿಲ್ಲ. ಸಂಜೆ ಮುತ್ತಣ್ಣ, ದೇಚಮ್ಮ ಕೂಡ ನಮ್ಮ ಕಾರಿನಲ್ಲೇ ಮನೆಗೆ ಹೊರಟರು. ಮನೆಯ ಮುಂದೆ ಕಾರು ನಿಂತ ಮೇಲೆ ಹುಲಿಗೆಮ್ಮ ಕೇಳಿದಳು:

"ನಿನಗ ಖುಷಿ ಆತಲ್ಲಪ್ಪ?"

ಗಾದಿಲಿಂಗಪ್ಪ ಸ್ಟೇರಿಂಗಿನಿಂದ ಕೈ ತೆಗೆಯಲಿಲ್ಲ. "ಆತವ್ವ. ಸುಳ್ಳು ಯಾಕ ಹೇಳ್ಲಿ? ಆದ್ರ ನೀ ಆ ನಂಬರ್ ಬಿಚ್ಚಾಕತ್ತಿದ್ದಿ ನೋಡು, ಅವಾಗ ನನ್ನ ಹೊಟ್ಟಿಗೆ ಯಾರೋ ಕೈ ಹಾಕಿ ಕಿತ್ತಂಗಾತು."

ಅವಳು ಅಪ್ಪನ ಭುಜಕ್ಕೆ ತಲೆಯಿಟ್ಟಳು. ಹಿಂದಿನ ಸೀಟಿನಲ್ಲಿ ದೇಚಮ್ಮ ಕಿಟಕಿಯ ಹೊರಗೆ ನೋಡಿದಳು. ಇಳಿಯುವಾಗ ಹುಲಿಗೆಮ್ಮ ಮುತ್ತಣ್ಣನ ಮುಂದೆ ನಿಂತು, "ಅಣ್ಣ, ನಾ ಹಂಗ ಅನಬಾರದಿತ್ತು," ಎಂದಳು. "ಅಂದಿದ್ದು ನಿಜಾನೇ ಅಲ್ವಾ?" ಎಂದು ಅವನು ನಕ್ಕ.

ಬಿರುಕು ಕೂಡಿಸಬಲ್ಲ ಒಂದು ವರ್ಕ್‌ಶಾಪಿಗೆ ಮುತ್ತಣ್ಣನೇ ನನ್ನನ್ನು ಒಯ್ದ. ಅಲ್ಲಿ ಕೆಟ್ಟ ಭಾಗ ಉಜ್ಜಿ ತೆಗೆದು, ಹೊಸ ಬಟ್ಟೆಯ ಪದರಗಳನ್ನು ಸುತ್ತಿದರು. ಗಟ್ಟಿಯಾದೆ. ಆದರೆ ಇನ್ನು ದೊಡ್ಡ ನೆಗೆತ, ರೇಸು ಬೇಡ, ಸಣ್ಣ ದಾರಿಗಳಲ್ಲಿ ಓಡಾಡಿಸಿ ಎಂದರು. ಹುಲಿಗೆಮ್ಮ ಕೆಲವು ತಿಂಗಳ ಮೇಲೆ ಇನ್ನೊಂದು ಹಳೆಯ ಫ್ರೇಮ್ ಹುಡುಕಿ ಕೊಂಡಳು. ನನ್ನ ಫೋರ್ಕು, ನನ್ನ ಚಕ್ರಗಳು ಅದಕ್ಕೆ ಹೋದವು. ನನಗೆ ಸಾದಾ ಚಕ್ರಗಳು, ಗಿಡ್ಡ ಫೋರ್ಕು ಬಂದವು. ಬಿಚ್ಚುವಾಗ ಅವಳು ಮೆಲ್ಲಗೆ, "ಬ್ಯಾಸರ ಮಾಡ್ಕೋಬ್ಯಾಡ," ಎಂದಳು. ನನಗೆ ಬೇಸರವಿರಲಿಲ್ಲ. ಅವಳನ್ನು ಕೆಡವುವ ಭಯ ಹೋಗಿತ್ತಲ್ಲ, ಅದೇ ಸಾಕಿತ್ತು.

ಆ ಬೇಸಿಗೆಯಲ್ಲಿ ಮುತ್ತಣ್ಣ ಮತ್ತೆ ಬಂದ. ಹುಲಿಗೆಮ್ಮ ಅವನನ್ನೂ ನನ್ನನ್ನೂ ಕೆರೆಯ ಏರಿಯಿಂದ ಇಳಿಯುವ ಒಂದು ಅಗಲವಾದ ಮಣ್ಣುದಾರಿಗೆ ಕರೆದೊಯ್ದಳು.

"ಈಗ ಇದೂ ನಿಧಾನ, ನೀವೂ ನಿಧಾನ. ಜೊತೀಗೆ ಹೋಗ್ರಿ."

ಅವನು ಹತ್ತಿದ. ನಡುಕ ಇತ್ತು. ಹುಲಿಗೆಮ್ಮ ಪಕ್ಕದಲ್ಲಿ ಓಡುತ್ತ, "ಮುಂದ ನೋಡ್ರಿ, ಮುಂದ! ನನ್ನ ನೋಡಬ್ಯಾಡ್ರಿ!" ಎಂದು ಕೂಗಿದಳು. ಅರ್ಧ ದಾರಿಗೆ ಅವಳು ಹಿಂದೆ ಉಳಿದಳು. ನಾವಿಬ್ಬರೇ ಆದೆವು. ನಡುಕ ಯಾವಾಗ ನಿಂತಿತೆಂದು ನನಗೂ ತಿಳಿಯಲಿಲ್ಲ, ಅವನಿಗೂ ತಿಳಿದಿರಲಿಕ್ಕಿಲ್ಲ. ಕೆಳಗೆ ದೇಚಮ್ಮ ನಿಂತಿದ್ದಳು. ಅಂದು ಅವಳ ಕೈಯಲ್ಲಿ ಫೋನು ಇರಲಿಲ್ಲ.

ಮುಂದಿನ ರೇಸಿಗೆ ನಾನೂ ಹೋದೆ, ಪ್ರೇಕ್ಷಕನಾಗಿ. ಬೆಟ್ಟದ ಮೇಲಕ್ಕೆ ಸಾಮಾನು ಹೇರಿ ತಳ್ಳಿಕೊಂಡು ಹೋಗಲು ನನ್ನನ್ನು ಒಯ್ದಿದ್ದರು. ಆಮೇಲೆ ಗಾದಿಲಿಂಗಪ್ಪ ನನ್ನನ್ನು ಕೆಳಗೆ ತಂದು, ಹಿಡಿದುಕೊಂಡು ಕೊನೆಯ ಗೆರೆಯ ಹತ್ತಿರ ನಿಂತ. ಮುಂದೆ ನಿಂತ ಜನರಿಂದ ದಾರಿ ಕಾಣುತ್ತಿರಲಿಲ್ಲ. ಮೈಕಿನಲ್ಲಿ ಹುಲಿಗೆಮ್ಮನ ಹೆಸರು ಹೇಳಿದರು. ಮೇಲೆ ಎಲ್ಲೋ ಕಲ್ಲುಗಳು ಉರುಳಿದವು. ಗಾದಿಲಿಂಗಪ್ಪನ ಎರಡು ಕೈಗಳೂ ನನ್ನ ಬ್ರೇಕುಗಳನ್ನು ಹಿಡಿದವು. ಜನ ಹೋ ಎಂದಾಗ ಇನ್ನೂ ಬಿಗಿಯಾಗಿ ಹಿಡಿದ. ನಿಂತಲ್ಲೇ ನಿಂತಿದ್ದ ನನ್ನ ಚಕ್ರಗಳು ಕಚ್ಚಿಕೊಂಡವು. ಅವನು ಕಣ್ಣು ಮುಚ್ಚಿದ್ದ. ಬೆಟ್ಟದ ಮೇಲಿನಿಂದ ಬರುತ್ತಿದ್ದ ಮಗಳನ್ನು ಅವನು ಕೆಳಗೆ ನಿಂತು ನನ್ನ ಬ್ರೇಕಿನಿಂದ ಹಿಡಿದು ನಿಧಾನವಾಗಿ ಇಳಿಸುತ್ತಿದ್ದ.

ಅವಳು ಎರಡನೆಯವಳಾಗಿ ಬಂದಳು. ಹೆಲ್ಮೆಟ್ಟು ತೆಗೆದು, ಜನರನ್ನು ಸರಿಸಿಕೊಂಡು ಅಪ್ಪನ ಹತ್ತಿರ ಬಂದಾಗಲೂ ಅವನ ಕೈ ಸಡಿಲಾಗಿರಲಿಲ್ಲ.

"ಅಪ್ಪಾ, ನಾ ಬಂದೆ. ಬಿಡು."

ಅವನು ಕಣ್ಣು ಬಿಟ್ಟು ಮಗಳನ್ನು ನೋಡಿದ. ಬೆರಳುಗಳು ಮಾತ್ರ ಬಿಡಲಿಲ್ಲ. ಅವಳೇ ನಗುತ್ತ, ಅಳುತ್ತ, ಅವನ ಬೆರಳುಗಳನ್ನು ಒಂದೊಂದಾಗಿ ನನ್ನಿಂದ ಬಿಡಿಸಿ ತನ್ನ ಕೈಯಲ್ಲಿ ಹಿಡಿದುಕೊಂಡಳು.

ಈಗ ನಾನು ಡ್ರೈವಿಂಗ್ ಸ್ಕೂಲಿನ ಆಫೀಸಿನಲ್ಲಿ, ಸಂಚಾರ ಚಿಹ್ನೆಗಳ ಪಟದ ಕೆಳಗೆ ಗೋಡೆಗೆ ಒರಗಿ ನಿಂತಿದ್ದೇನೆ. ಟೈರಿನ ಗಾಳಿ ಇಳಿದಿದೆ. ಬಣ್ಣ ಮಾಸಿದೆ. ಕಲಿಯಲು ಬಂದವರು ತಮ್ಮ ಸರದಿ ಕಾಯುವಾಗ ನನ್ನ ಸೀಟಿನ ಮೇಲೆ ಚೀಲ ಇಡುತ್ತಾರೆ, ಹ್ಯಾಂಡಲ್ಲಿಗೆ ಛತ್ರಿ ನೇತುಹಾಕುತ್ತಾರೆ. ನಾನು ಒಂದಿಷ್ಟು ವೇಗವನ್ನು ಕಂಡವನು. ಆದರೆ ಈ ಮೂಲೆಯಲ್ಲಿ ನೆನಪಾಗುವುದು ವೇಗವಲ್ಲ, ಕೈಗಳು. ಹೆದರಿದ ಕೈ, ಹೆದರದ ಕೈ, ಹೆದರಿದರೂ ಬಿಡದ ಕೈ. ಇಂಥ ಕೈಗಳೆಲ್ಲ ನನ್ನನ್ನು ಹಿಡಿದವು. ಒಂದು ಸೈಕಲ್ಲಿಗೆ ಇದಕ್ಕಿಂತ ಹೆಚ್ಚು ಏನು ಬೇಕು?